ಕೊಂಬಿನ ಟೋಪಿ ತೆಗೆದಿಟ್ಟು ಕೇಳಿ

ನಾವು ಸಾಫ್ಟ್‌ವೇರ್ ಮಂದಿಯ ನಡುವೆ ವೈಕಿಂಗ್ ಮೆಟಲ್ ಕೇಳೋರು ಮೂರು ಥರ. ಮೊದಲನೆಯವರು ಜಿಮ್ಮಿನಲ್ಲಿ ಭಾರ ಎತ್ತುವಾಗ ಮಾತ್ರ ಕೇಳ್ತಾರೆ. ಇವರಿಗೆ ಹಾಡು ಅಂದ್ರೆ ಒಂದು ಡಬ್ಬಿ ಎನರ್ಜಿ ಡ್ರಿಂಕು, ಕುಡಿದು ಬಿಸಾಕೋದು. ಎರಡನೆಯವರು ಟಿವಿ ಸರಣಿ ನೋಡಿ ಗಡ್ಡ ಬಿಟ್ಟವರು. ಆನ್‌ಲೈನಿನಲ್ಲಿ ತರಿಸಿದ ಕೊಂಬಿನ ಲೋಟದಲ್ಲಿ ಬಿಯರ್ ಕುಡಿದು ಫೋಟೋ ಹಾಕೋರು. ಮೂರನೆಯವರು ಸ್ವಲ್ಪ ಸೀರಿಯಸ್ಸು. 'ನೋಡಿ, ಅವರು ತಮ್ಮ ಬೇರನ್ನ ಹುಡುಕ್ತಾ ಇದಾರೆ, ರಕ್ತ ಅಂದ್ರೆ ಅದು' ಅಂತ ರಾತ್ರಿ ಹನ್ನೊಂದಕ್ಕೆ ಗ್ರೂಪಿಗೆ ಫಾರ್ವರ್ಡ್ ಮಾಡೋರು.

ಈ ಮೂವರ ಜೊತೆಗೂ ನನಗೆ ಜಗಳ ಇದೆ. ಕೇಳದೇನೇ 'ಏನ್ ಗಲಾಟೆ ಗುರೂ ಇದು' ಅನ್ನೋ ನಾಲ್ಕನೆಯವರ ಜೊತೆಗೂ ಇದೆ, ಆದ್ರೆ ಅದು ಚಿಕ್ಕ ಜಗಳ. ಮೊದಲ ಮೂವರದ್ದು ದೊಡ್ಡದು. ಯಾಕಂದ್ರೆ ಅವರು ಕೇಳ್ತೀವಿ ಅಂದುಕೊಂಡಿದಾರೆ, ಕೇಳ್ತಾ ಇಲ್ಲ.

ಜಗಳಕ್ಕೆ ಒಂದು ಆಲ್ಬಮ್ ಸಾಕು. ಹೆಸರು 'ಹ್ಯಾಮರ್‌ಹಾರ್ಟ್'. ಬ್ಯಾಂಡು ಬಾಥೊರಿ, ಊರು ಸ್ವೀಡನ್ನಿನ ಸ್ಟಾಕ್‌ಹೋಮ್, ಇಸವಿ 1990. ಬ್ಯಾಂಡ್ ಅಂತ ಹೆಸರಿಗೆ. ಡ್ರಮ್ಮಿಗೆ, ಬೇಸಿಗೆ ಜೊತೆಗಾರರಿದ್ದರೂ ಬಾಥೊರಿ ಅಂದ್ರೆ ಒಬ್ಬನೇ, ಕ್ವಾರ್ಥನ್. ಅದು ಅವನೇ ಇಟ್ಟುಕೊಂಡ ಹೆಸರು. 1966ರಲ್ಲಿ ಹುಟ್ಟಿದವನು. 1984ರಲ್ಲಿ ಮೊದಲ ಆಲ್ಬಮ್ ತಂದಾಗ ಹದಿನೆಂಟರ ಹುಡುಗ. ಆಗಿನದ್ದೆಲ್ಲ ವೇಗ, ಕಿರುಚಾಟ, ಸೈತಾನ. ನಾರ್ವೆಯ ಹುಡುಗರು ಮುಂದೆ ಬ್ಲ್ಯಾಕ್ ಮೆಟಲ್ ಅಂತ ಮಾಡಿದ್ದಕ್ಕೆ ಇವನ ಆ ಮೊದಲ ಮೂರು ಆಲ್ಬಮ್ಮುಗಳೇ ಒಂದು ದೊಡ್ಡ ಮೂಲ. ಆಮೇಲೆ ಅವನಿಗೆ ಸೈತಾನ ಬೇಜಾರಾದ. ಸೈತಾನನೂ ಚರ್ಚಿನ ಮನೆಯವನೇ ಅಲ್ವಾ, ಅವನನ್ನ ಹಿಡಿದುಕೊಂಡು ಚರ್ಚನ್ನ ಬೈಯೋದು ಎಂಥ ಬಂಡಾಯ? ಹಾಗಂತ ಅದಕ್ಕೂ ಹಿಂದಕ್ಕೆ ಹೋದ, ಓಡಿನ್ ಮತ್ತು ಥಾರ್ ಇದ್ದ ಕಾಲಕ್ಕೆ. 1988ರ 'ಬ್ಲಡ್ ಫೈರ್ ಡೆತ್'ನಲ್ಲಿ ಅರ್ಧ ದಾರಿ ಹೋಗಿದ್ದ. ಎರಡು ವರ್ಷದ ಮೇಲೆ ಬಂದ 'ಹ್ಯಾಮರ್‌ಹಾರ್ಟ್'ನಲ್ಲಿ ಪೂರ್ತಿ ಹೋಗಿಬಿಟ್ಟ. ವೈಕಿಂಗ್ ಮೆಟಲ್ ಅನ್ನೋ ಹೆಸರಿಗೆ ಒಂದು ಸದ್ದು ಅಂತ ಸಿಕ್ಕಿದ್ದು ಇಲ್ಲಿ. ನಾರ್ವೆಯ ಎನ್‌ಸ್ಲೇವ್ಡ್, ಐನ್‌ಹೆರ್ಯರ್ ಎಲ್ಲ ಬಂದಿದ್ದು ಇದಾದ ಮೇಲೆ.

ಈಗ ಆ ಸದ್ದಿನ ವಿಷಯಕ್ಕೆ ಬರೋಣ. ಸಂಗೀತ ಬಲ್ಲ ಗೆಳೆಯರು ಮೊದಲು ಎತ್ತೋ ತಕರಾರು ಅದೇ: 'ಅಲ್ಲ ಮಾರಾಯ, ಇವನಿಗೆ ಹಾಡೋಕೆ ಬರಲ್ಲ!'

ನಿಜ, ಬರಲ್ಲ. ಆಲ್ಬಮ್ಮಿನ ಮೊದಲ ಹಾಡು ಹನ್ನೊಂದು ನಿಮಿಷದ್ದು. ಸಣ್ಣಗೆ ಗಿಟಾರ್ ನುಡಿಸಿಕೊಂಡು, ತನಗೆ ತಾನೇ ಹೇಳಿಕೊಂಡಂಗೆ ಶುರು ಮಾಡ್ತಾನೆ. ಆಮೇಲೆ ಡ್ರಮ್ ಬಂದು, ಗಿಟಾರ್ ದಪ್ಪ ಆಗಿ, ಧ್ವನಿ ಮೇಲಕ್ಕೆ ಹೋಗಬೇಕು. ಹೋಗುತ್ತೆ, ಆದ್ರೆ ತಲುಪಬೇಕಾದ ಸ್ವರಕ್ಕೆ ಎರಡು ಬೆರಳು ಕೆಳಗೇ ನಿಲ್ಲುತ್ತೆ. ಒದ್ದಾಡುತ್ತೆ, ಒಡೆಯುತ್ತೆ. ಹಿಂದೆ ಅವನದ್ದೇ ಧ್ವನಿಯನ್ನ ಒಂದರ ಮೇಲೊಂದು ಪೇರಿಸಿ ಮಾಡಿದ ಕೋರಸ್ಸು 'ಓ...' ಅಂತ ಎಳೀತಾ ಇರುತ್ತೆ. ಅದೂ ಪೂರ್ತಿ ನೇರ ಇಲ್ಲ. ಇದೆಲ್ಲ ರೆಕಾರ್ಡ್ ಆಗಿದ್ದು ಯಾವುದೋ ಮಹಾ ಸ್ಟುಡಿಯೋದಲ್ಲಿ ಅಲ್ಲ, ಕಾರ್ ಗ್ಯಾರೇಜನ್ನ ಸ್ಟುಡಿಯೋ ಮಾಡಿಕೊಂಡ ಜಾಗದಲ್ಲಿ. ಅದಕ್ಕೆ ಇಟ್ಟ ಹೆಸರು ಮಾತ್ರ ಹೆವನ್‌ಶೋರ್, ಸ್ವರ್ಗದ ದಡ!

ಆದ್ರೆ ಆ ಗ್ಯಾರೇಜಿನಿಂದ ಹೊರಗೆ ಬಂದ ಸದ್ದಿನ ಅಳತೆ ನೋಡಿ. ಡ್ರಮ್ಮಿನ ಒಂದೊಂದು ಹೊಡೆತಾನೂ ಎದುರಿನ ಗುಡ್ಡಕ್ಕೆ ತಗುಲಿ ವಾಪಸ್ ಬಂದಂಗೆ ಕೇಳುತ್ತೆ. ತಾಳ ನಿಧಾನ. ಥ್ರ್ಯಾಶ್ ಕೇಳಿ ಅಭ್ಯಾಸ ಇದ್ದವರಿಗೆ ಇದು ನಡಿಗೆ ಅನ್ನಿಸುತ್ತೆ. ಹೌದು, ನಡಿಗೆಯೇ, ದೋಣಿಗೆ ಹುಟ್ಟು ಹಾಕೋ ಲೆಕ್ಕ. ಗಿಟಾರ್ ರಿಫ್ಫುಗಳು ಸರಳ, ನಾಲ್ಕೈದು ಕಾರ್ಡು, ಅಷ್ಟೇ. ಅದನ್ನೇ ಎಳೆದು, ತಿರುಗಿಸಿ, ಮತ್ತೆ ಅಲ್ಲಿಗೇ ತಂದು ನಿಲ್ಲಿಸ್ತಾನೆ. ಮೂರನೇ ಸಲಕ್ಕೆ ನಮಗೂ ಗೊತ್ತಾಗುತ್ತೆ ಮುಂದೇನು ಬರುತ್ತೆ ಅಂತ. ಐದನೇ ಸಲಕ್ಕೆ ಅದು ಬರಲಿ ಅಂತ ಕಾಯ್ತೀವಿ. ಆಲ್ಬಮ್ಮಿನ ಆಕರ್ಷಣೆಯ ಅರ್ಧ ಈ ಕಾಯಿಸೋದರಲ್ಲೇ ಇದೆ.

ಉಳಿದರ್ಧ ಆ ಸೋಲುವ ಧ್ವನಿಯಲ್ಲಿದೆ. ಇವತ್ತಿನ ಮೆಟಲ್ ರೆಕಾರ್ಡಿಂಗ್ ಹೇಗೆ ನಡೆಯುತ್ತೆ ಅಂತ ಗೊತ್ತಿದ್ದವರಿಗೆ ಗೊತ್ತು. ಡ್ರಮ್ಮಿನ ಪ್ರತಿ ಹೊಡೆತವನ್ನೂ ಕಂಪ್ಯೂಟರಿನಲ್ಲಿ ಎಳೆದು ಗೆರೆಗೆ ಕೂರಿಸ್ತಾರೆ. ಹೊಡೆತದ ಸದ್ದು ಸರಿ ಇಲ್ಲ ಅಂದ್ರೆ ಮೊದಲೇ ರೆಕಾರ್ಡ್ ಮಾಡಿಟ್ಟ ಇನ್ನೊಂದು ಸದ್ದನ್ನ ಅದರ ಜಾಗದಲ್ಲಿ ಹಾಕ್ತಾರೆ. ಧ್ವನಿಯ ಸ್ವರ ಜಾರಿದ್ರೆ ತಿದ್ದೋ ಸಾಫ್ಟ್‌ವೇರ್ ಇದೆ. ನಾನೂ ಸಾಫ್ಟ್‌ವೇರ್ ಬರೆದು ಹೊಟ್ಟೆ ಹೊರೆಯೋನೇ, ಉಪಕರಣದ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟು ಇರೋದು ಎಲ್ಲವನ್ನೂ ಗೆರೆಗೆ ಕೂರಿಸಿದ ಮೇಲೆ ಅದನ್ನ 'ಯುದ್ಧದ ಹಾಡು', 'ಸಮುದ್ರದ ಹಾಡು' ಅಂತ ಮಾರೋದರ ಮೇಲೆ. ಸಮುದ್ರದಲ್ಲಿ ಯಾವ ಅಲೆ ಸ್ವಾಮಿ ಗೆರೆಗೆ ಸರಿಯಾಗಿ ಬರೋದು? ತನ್ನ ಶಕ್ತಿಗೆ ಮೀರಿದ್ದನ್ನ ಹಾಡೋಕೆ ಹೋಗಿ ಗಂಟಲು ಕಟ್ಟಿದ ಮನುಷ್ಯನ ಧ್ವನಿಗೆ, ಆ ಮೀರಿದ್ದು ಎಷ್ಟು ದೊಡ್ಡದು ಅಂತ ತೋರಿಸೋ ತಾಕತ್ತಿರುತ್ತೆ. ಸಲೀಸಾಗಿ ಹಾಡಿಬಿಟ್ರೆ ಆ ದೊಡ್ಡದು ಕೈಗೆ ಸಿಗೋ ಅಷ್ಟು ಚಿಕ್ಕದಾಗಿಬಿಡುತ್ತೆ.

ನಮ್ಮೂರ ಗದ್ದೆ ಬಯಲಲ್ಲಿ ನಾಟಿ ಹಾಕುವಾಗ ಹೆಂಗಸರು ಹಾಡ್ತಿದ್ರು. ಬಗ್ಗಿದ ಬೆನ್ನು, ಮೊಣಕಾಲಿನವರೆಗೆ ಕೆಸರು. ಒಬ್ಬರು ಎತ್ತಿದ ದನಿಗೆ ಹತ್ತು ಜನ ಸೇರೋರು, ಹತ್ತು ಜನದ ಶ್ರುತಿ ಹತ್ತು ಥರ. ಬದುವಿನ ಮೇಲೆ ನಿಂತು 'ಅಕ್ಕಾ, ಸ್ವಲ್ಪ ಫ್ಲ್ಯಾಟ್ ಆಯ್ತು' ಅಂದೋರನ್ನ ನಾನು ನೋಡಿಲ್ಲ. ಅಂದಿದ್ರೆ ಕೆಸರಿಗೆ ಇಳಿಸೋರು.

ಎಂಜಿನಿಯರಿಂಗ್ ಹಾಸ್ಟೆಲ್ಲಿನಲ್ಲಿ ಡಿಸಿ ಪ್ಲಸ್ ಪ್ಲಸ್ ಮೇಲೆ ಯಾರದೋ ಫೋಲ್ಡರಿನಿಂದ ಈ ಆಲ್ಬಮ್ ನನ್ನ ಕೈಗೆ ಸಿಕ್ಕಿತು. ಕಳಪೆ ಎಂಪಿ3, ಹಾಡುಗಳ ಹೆಸರು ಹಿಂದುಮುಂದು. ಪಕ್ಕದ ರೂಮಿನವರು ಆಗ ಇನ್ನೂ ಗಟ್ಟಿಯಾದ, ಇನ್ನೂ ವೇಗದ ಬ್ಯಾಂಡುಗಳನ್ನ ಕೇಳ್ತಿದ್ರು. ಯಾರು ಹೆಚ್ಚು ವೇಗ ಅನ್ನೋದೇ ಆಗಿನ ಪೈಪೋಟಿ. ಇದು ಮಾತ್ರ ನನ್ನ ಜೊತೆ ಉಳಿಯಿತು. ಕಾರಣ ವೇಗ ಅಲ್ಲ, ಗಡಸೂ ಅಲ್ಲ. ಯಾವುದೋ ಒಂದು ಮುಗಿದುಹೋಗಿದೆ, ಅದನ್ನ ಯಾರೋ ದೂರದಿಂದ ನೋಡ್ತಾ ಇದಾರೆ ಅನ್ನೋದು ಇಂಗ್ಲಿಷ್ ಅಷ್ಟಕ್ಕಷ್ಟೇ ಇದ್ದ ನನಗೂ ಗೊತ್ತಾಗ್ತಿತ್ತು.

ಇಲ್ಲಿಂದ ಕೊಂಬಿನ ಲೋಟದವರ ಜೊತೆ ಜಗಳ ಶುರು.

ಆಲ್ಬಮ್ಮಿನ ಮುಖಪುಟ ನೋಡಿ. ಅಲ್ಲಿರೋದು ಯುದ್ಧ ಅಲ್ಲ, ಸಾವು. ಫ್ರಾಂಕ್ ಡಿಕ್ಸಿ ಅನ್ನೋ ಇಂಗ್ಲಿಷ್ ಕಲಾವಿದ 1893ರಲ್ಲಿ ಬರೆದ, ವೈಕಿಂಗ್ ಒಬ್ಬನ ಶವಸಂಸ್ಕಾರದ ಚಿತ್ರ ಅದು. ಮೂಲ ಚಿತ್ರ ಇವತ್ತು ಮ್ಯಾಂಚೆಸ್ಟರಿನ ಕಲಾ ಗ್ಯಾಲರಿಯಲ್ಲಿದೆ. ಹೆಣ ಇಟ್ಟ ಹಡಗಿಗೆ ಬೆಂಕಿ ಕೊಟ್ಟು ಜನ ಅದನ್ನ ಸಮುದ್ರಕ್ಕೆ ತಳ್ಳುತ್ತಾ ಇದಾರೆ. ವೈಕಿಂಗ್ ಮೆಟಲ್ಲಿನ ಮೂಲ ಆಲ್ಬಮ್ಮು ಅಂತ ಕರೆಸಿಕೊಳ್ಳೋದು ತನ್ನ ಮುಖಕ್ಕೆ ಅಂಟಿಸಿಕೊಂಡಿರೋದು ಒಂದು ತಿಥಿಯ ಚಿತ್ರವನ್ನ. ಅದನ್ನ ಪಾರ್ಟಿಗೆ ಹಾಕ್ತೀರಲ್ಲ, ಏನನ್ನೋಣ!

ಆಮೇಲೆ ಆ ಕೊಂಬು. ವೈಕಿಂಗರು ಕೊಂಬಿನ ಶಿರಸ್ತ್ರಾಣ ಹಾಕಿ ಯುದ್ಧ ಮಾಡಿದ್ದಕ್ಕೆ ಪುರಾವೆ ಇಲ್ಲ. 1943ರಲ್ಲಿ ನಾರ್ವೆಯ ಯೆರ್ಮುಂಡ್‌ಬು ಅನ್ನೋ ಜಾಗದಲ್ಲಿ ಸಿಕ್ಕ 10ನೇ ಶತಮಾನದ ಕಬ್ಬಿಣದ ಶಿರಸ್ತ್ರಾಣಕ್ಕೆ ಗುಂಡಗಿನ ತಲೆ, ಕಣ್ಣಿನ ಸುತ್ತ ಕನ್ನಡಕದಂಥ ಕಾವಲು, ಅಷ್ಟೇ. ಕೊಂಬನ್ನ ಜನಪ್ರಿಯ ಮಾಡಿದ್ದು ಜರ್ಮನಿಯ ನಾಟಕರಂಗ. 1876ರಲ್ಲಿ ಬೈರಾಯ್ಟ್ ಊರಲ್ಲಿ ವಾಗ್ನರನ ಒಪೆರಾ ಸರಣಿ ನಡೆದಾಗ ಕಾರ್ಲ್ ಎಮಿಲ್ ಡೋಪ್ಲರ್ ಅನ್ನೋ ವಸ್ತ್ರವಿನ್ಯಾಸಕಾರ ಪಾತ್ರಧಾರಿಗಳ ತಲೆಗೆ ಕೊಂಬು, ರೆಕ್ಕೆ ಏರಿಸಿದ. ಅದೇ ಕಾರ್ಟೂನಿಗೆ ಬಂತು, ಬಿಯರ್ ಲೇಬಲ್ಲಿಗೆ ಬಂತು, ಈಗ ನಿಮ್ಮ ಕಾಫಿ ಮಗ್ಗಿಗೂ ಬಂದಿದೆ. ನೀವು ಪೂರ್ವಜರದ್ದು ಅಂತ ತಲೆಗೇರಿಸೋದು ಒಬ್ಬ ದರ್ಜಿಯ ಕಲ್ಪನೆ.

ಕಲ್ಪನೆ ಅನ್ನೋದು ಬೈಗುಳ ಅಲ್ಲ. ಕ್ವಾರ್ಥನ್ ಮಾಡಿದ್ದೂ ಕಲ್ಪನೆಯೇ. ಸ್ಟಾಕ್‌ಹೋಮಿನ ಗ್ಯಾರೇಜಿನಲ್ಲಿ ಕೂತ ಇಪ್ಪತ್ತಮೂರರ ಹುಡುಗನಿಗೆ ಸಾವಿರ ವರ್ಷದ ಹಿಂದಿನ ಹಳ್ಳಿ ಹೇಗಿತ್ತು ಅಂತ ಯಾರು ಹೇಳಬೇಕು? ಪುಸ್ತಕದಿಂದ, ಚಿತ್ರದಿಂದ, ವಾಗ್ನರನಿಂದ ಕಟ್ಟಿಕೊಂಡ. ಮುಂದಿನ ಆಲ್ಬಮ್ಮಿಗೆ ವಾಗ್ನರನ ಒಪೆರಾದ ಹೆಸರನ್ನೇ ಇಟ್ಟ, 'ಟ್ವೈಲೈಟ್ ಆಫ್ ದ ಗಾಡ್ಸ್'. ಅದರ ಕೊನೆಯ ಹಾಡಿಗೆ ಇಂಗ್ಲೆಂಡಿನ ಹೋಲ್ಸ್ಟ್ ಬರೆದ 'ಜುಪಿಟರ್'ನ ರಾಗ ಎತ್ತಿಕೊಂಡ. ಅವನ ವೈಕಿಂಗ್ ಲೋಕ ಇಂಗ್ಲಿಷ್ ಚಿತ್ರ, ಜರ್ಮನ್ ಒಪೆರಾ, ಇಂಗ್ಲಿಷ್ ರಾಗ, ಅಮೆರಿಕದ ಬ್ಲೂಸಿನಿಂದ ಬಂದ ಗಿಟಾರು ಎಲ್ಲ ಸೇರಿ ಆದ ಪದಾರ್ಥ. ಅವನು ಅದನ್ನ ಮುಚ್ಚಿಡಲಿಲ್ಲ. ಮುಚ್ಚಿಡೋದು 'ಶುದ್ಧ ರಕ್ತದ ಸಂಗೀತ' ಅಂತ ಪೋಸ್ಟ್ ಹಾಕೋರು.

ಅಲ್ಲಿಗೆ ಮೂರನೆಯವರ ಹತ್ರ ಬಂದ್ವಿ.

ಆಲ್ಬಮ್ಮಿನ ಕೊನೆಯ ದೊಡ್ಡ ಹಾಡು 'ಒನ್ ರೋಡ್ ಟು ಆಸಾ ಬೇ'. ಹತ್ತು ನಿಮಿಷದ ಕಥನಗೀತೆ. ಕಥೆ ಇಷ್ಟು: ಸಮುದ್ರದಾಚೆಯಿಂದ ಕೊರಳಲ್ಲಿ ಚಿನ್ನದ ಶಿಲುಬೆ ಹಾಕಿಕೊಂಡ ಒಬ್ಬ ಬಂದಿದಾನೆ ಅಂತ ಸುದ್ದಿ. ಜೊತೆಗೆ ಕವಚ ತೊಟ್ಟ ಸೈನಿಕರು. ಹೊಸ ದೇವರಿಗೆ ಮನೆ ಕಟ್ಟಬೇಕು ಅಂತ ಅಪ್ಪಣೆ. ಸುತ್ತಿಗೆಯ ದೇವರನ್ನ ಬಿಡಲ್ಲ ಅಂದ ಒಬ್ಬನನ್ನ ಕಡಿದು ಹಾಕ್ತಾರೆ. ನಾಲ್ಕರಲ್ಲಿ ಒಂದು ಪಾಲು ದುಡ್ಡು ಕೊಡದವರಿಗೆ ಛಡಿಯೇಟು, ಸರಪಳಿ. ಊರೆಲ್ಲ ಬೆವರು ಸುರಿಸಿ ಇನ್ನೂರು ದಿನಕ್ಕೆ ಬಿಳಿ ಚರ್ಚು ಎದ್ದು ನಿಲ್ಲುತ್ತೆ. ಗುಂಪಿನಿಂದ ಆಚೆ ನಿಂತ ಒಬ್ಬ ಮುದುಕ ಬಿಸಿಲಿಗೆ ಕೈ ಅಡ್ಡ ಹಿಡಿದು ಖಾಲಿ ಸಮುದ್ರದ ಕಡೆ ನೋಡ್ತಾನೆ. ಹಳೇ ಹಡಗುಗಳು ಹೊರಟಂಗೆ ಅವನ ಕಣ್ಣಿಗೆ ಮಾತ್ರ ಕಾಣುತ್ತೆ.

ಈ ಹಾಡು ಕೇಳಿ ಕೆಲವರು 'ಗೊತ್ತಾಯ್ತಾ? ನಮಗೂ ಹೀಗೇ ಆಗ್ತಿದೆ' ಅಂತ ಬೇರೆ ಧರ್ಮದವರ ಕಡೆ ಬೆರಳು ತೋರಿಸ್ತಾರೆ. ಯುರೋಪಿನಲ್ಲೂ ಹೀಗೆ ಕೇಳಿದೋರು ಇದ್ರು. ಅವರು ಏನು ಮಾಡಿದ್ರು ಅಂತ ನೋಡಿದ್ರೆ ಸಾಕು.

1992ರ ಜೂನ್ 6ರಂದು ನಾರ್ವೆಯ ಬರ್ಗೆನ್ ಹತ್ತಿರದ ಫಾಂಟಾಫ್ಟ್ ಚರ್ಚು ಸುಟ್ಟುಹೋಯಿತು. ಬೆಂಕಿ ಹಚ್ಚಿದ್ದು. ಆ ಕೆಲವು ವರ್ಷಗಳಲ್ಲಿ ನಾರ್ವೆಯ ಎಷ್ಟೋ ಚರ್ಚುಗಳಿಗೆ ಬೆಂಕಿ ಬಿತ್ತು. ಹಚ್ಚಿದವರಲ್ಲಿ ಬ್ಲ್ಯಾಕ್ ಮೆಟಲ್ ಬಳಗದವರಿದ್ದರು ಅಂತ ಕೋರ್ಟಿನಲ್ಲಿ ಸಾಬೀತಾಯಿತು. ಪೂರ್ವಜರ ದೇವರ ಪರವಾಗಿ ಸೇಡು ಅನ್ನೋ ಮಾತೂ ಬಂತು. ಈಗ ಸುಟ್ಟಿದ್ದೇನು ಅಂತ ನೋಡಿ. ಫಾಂಟಾಫ್ಟ್ ಚರ್ಚು 12ನೇ ಶತಮಾನದ್ದು, ಪೂರ್ತಿ ಮರದ್ದು. ನಾರ್ವೆಯ ಈ ಥರದ ಚರ್ಚುಗಳ ಮಾಡಿನ ಮೂಲೆಗಳಲ್ಲಿ ಡ್ರ್ಯಾಗನ್ ತಲೆಗಳಿರುತ್ತವೆ. ಹಡಗು ಕಟ್ಟಿದ ಕೈಗಳ ಮಕ್ಕಳು, ಮೊಮ್ಮಕ್ಕಳು ಕಟ್ಟಿದ ಮರಗೆಲಸ ಅದು. ವೈಕಿಂಗ್ ಕಾಲದ ಬಡಗಿತನದ ಮುಂದುವರಿಕೆ ಇಂಥ ಕಟ್ಟಡಗಳಲ್ಲಿ ಕಣ್ಣಿಗೆ ಕಾಣುವಂತೆ ಉಳಿದಿದೆ. ಪೂರ್ವಜರ ಮಾನ ಉಳಿಸ್ತೀವಿ ಅಂತ ಹೊರಟವರು ಪೂರ್ವಜರ ಉಳಿ ಗುರುತನ್ನೇ ಬೂದಿ ಮಾಡಿದ್ರು. ಈಗ ಅಲ್ಲಿರೋದು 1997ರಲ್ಲಿ ಮತ್ತೆ ಕಟ್ಟಿದ್ದು.

ಇನ್ನೊಂದು ಕೇಳಿ. ಓಡಿನ್, ಥಾರ್, ಲೋಕಿ ಕಥೆಗಳನ್ನ ನಮಗೆ ದಾಟಿಸಿದೋರು ಯಾರು? ಸುಮಾರು 1220ರಲ್ಲಿ 'ಎಡ್ಡಾ' ಬರೆದ ಐಸ್‌ಲ್ಯಾಂಡಿನ ಸ್ನೋರ್ರಿ ಸ್ಟುರ್ಲುಸನ್. ಅವನು ಕ್ರೈಸ್ತ. ಅವನ ದೇಶ ಮತ ಬದಲಿಸಿ ಆಗಲೇ ಇನ್ನೂರು ವರ್ಷ ಆಗಿತ್ತು. ತಾನು ನಂಬದ ದೇವರ ಕಥೆಯನ್ನ ಅವನು ಮರೆತುಹೋಗಬಾರದು ಅಂತ ಬರೆದಿಟ್ಟ, ಯಾಕಂದ್ರೆ ಆ ಕಥೆ ಗೊತ್ತಿಲ್ಲದಿದ್ರೆ ಹಳೇ ಕಾವ್ಯ ಅರ್ಥ ಆಗ್ತಿರಲಿಲ್ಲ. ಅವನಿಲ್ಲದಿದ್ರೆ ಬಾಥೊರಿಯೂ ಇಲ್ಲ, ನಿಮ್ಮ ಸಿನಿಮಾದ ಥಾರೂ ಇಲ್ಲ.

ಐಸ್‌ಲ್ಯಾಂಡ್ ಮತ ಬದಲಿಸಿದ ಕಥೆಯಂತೂ ನನಗೆ ಇನ್ನೂ ಇಷ್ಟ. ಕ್ರಿಸ್ತಶಕ 1000ದ ಆಸುಪಾಸು. ಹಳೇ ದೇವರವರು, ಹೊಸ ದೇವರವರು ಅಂತ ಎರಡು ಬಣ ಆಗಿ ಕತ್ತಿ ಹಿರಿಯೋ ಹಂತ. ಎದುರಿಗೆ ನಾರ್ವೆಯ ರಾಜನ ಒತ್ತಾಯ ಬೇರೆ. ತೀರ್ಮಾನ ಹೇಳೋ ಕೆಲಸವನ್ನ ಥೋರ್ಗೈರ್ ಅನ್ನೋ ಮುಖಂಡನಿಗೆ ಬಿಟ್ರು, ಅವನು ಹಳೇ ದೇವರವನು. ಅವನು ಒಂದು ಹಗಲು ಒಂದು ರಾತ್ರಿ ಹೊದ್ದುಕೊಂಡು ಮಲಗಿ, ಮಾತಾಡದೆ ಯೋಚಿಸಿ, ಎದ್ದು ಬಂದು ಹೇಳಿದನಂತೆ: ಎಲ್ಲರಿಗೂ ಒಂದೇ ಕಾನೂನು, ಎಲ್ಲರೂ ದೀಕ್ಷೆ ತಗೊಳ್ಳೋಣ, ಮನೆಯೊಳಗೆ ಗುಟ್ಟಾಗಿ ಹಳೇ ದೇವರಿಗೆ ಬಲಿ ಕೊಟ್ಟರೆ ಕೇಳೋದು ಬೇಡ. ಇದರಲ್ಲಿ ಬಲವಂತ ಇದೆ, ರಾಜಿ ಇದೆ, ಜಾಣತನ ಇದೆ, ದುಃಖವೂ ಇದೆ. ಮನೆಯೊಳಗೊಂದು ಊರೊಳಗೊಂದು ದೇವರು ಇಟ್ಟುಕೊಂಡು ಬಾಳೋದು ಏನು ಅಂತ ಹಳ್ಳಿಯಲ್ಲಿ ಬೆಳೆದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಸ್ವೀಡನ್ನಿನಲ್ಲೂ ಇದು ಒಂದು ದಿನದ ದಾಳಿ ಅಲ್ಲ. 9ನೇ ಶತಮಾನದಲ್ಲೇ ಬಿರ್ಕಾ ಪಟ್ಟಣಕ್ಕೆ ಪಾದ್ರಿ ಬಂದಿದ್ದ. ಎರಡು ಶತಮಾನ ಕಳೆದ ಮೇಲೂ ಎರಡೂ ದೇವರು ಅಕ್ಕಪಕ್ಕ ಇದ್ದವು. ಅಲ್ಲಿನ ರೂನ್ ಕಲ್ಲುಗಳಲ್ಲಿ ಬಹುಪಾಲು 11ನೇ ಶತಮಾನದವು. ಎಷ್ಟೋ ಕಲ್ಲಿನ ಮೇಲೆ ಹಾವಿನಂಥ ಡ್ರ್ಯಾಗನ್ನೂ ಇದೆ, ಅದರ ನಡುವೆ ಶಿಲುಬೆಯೂ ಇದೆ. ಕೆತ್ತಿಸಿದವರು ಹೊರಗಿನ ಸೈನಿಕರಲ್ಲ, ಅದೇ ಊರಿನ ರೈತರು, ತಮ್ಮ ಅಪ್ಪ ಅಮ್ಮನ ನೆನಪಿಗೆ.

ಹಾಗಾದ್ರೆ ಕ್ವಾರ್ಥನ್ನನ ಹಾಡು ಸುಳ್ಳಾ? ಇತಿಹಾಸದ ಪಾಠವಾಗಿ ಅದು ಅರ್ಧ ಸತ್ಯ. ಹಾಡಾಗಿ ಪೂರ್ತಿ ಸತ್ಯ. ಅದು ಸಿಟ್ಟಾಗೋದು ಯಾವುದರ ಮೇಲೆ ಅಂತ ಗಮನಿಸಿ: ಛಡಿ, ಸರಪಳಿ, ತೆರಿಗೆ, ಬಿಟ್ಟಿ ದುಡಿಮೆ. ನಂಬಿಕೆಯ ಹೆಸರಲ್ಲಿ ಬಲ ಇದ್ದವನು ಬಲ ಇಲ್ಲದವನ ಕುತ್ತಿಗೆ ಮೇಲೆ ಕೂರೋದರ ಮೇಲೆ. ಆ ಕಡೆ ಛಡಿ ಹಿಡಿದವನ ಕೊರಳಲ್ಲಿ ಶಿಲುಬೆ ಇತ್ತು. ನಾಳೆ ಅದೇ ಛಡಿಯನ್ನ ಸುತ್ತಿಗೆಯ ಪದಕ ಹಾಕಿಕೊಂಡವನು ಹಿಡಿದ್ರೆ ಹಾಡು ಅವನ ವಿರುದ್ಧವೂ ನಿಲ್ಲುತ್ತೆ. ಹಿಡಿದದ್ದೂ ಉಂಟು. ಹಿಮ್ಲರನ ಎಸ್‌ಎಸ್ ಪಡೆ ತನ್ನ ಕಾಲರಿಗೆ ಅಂಟಿಸಿಕೊಂಡಿದ್ದು ರೂನ್ ಅಕ್ಷರಗಳನ್ನೇ. ಆ ಮುದುಕನ ದುಃಖ ಕೇಳಿಸಿಕೊಂಡು ಯಾರ ಮನೆಗೋ ಬೆಂಕಿ ಹಚ್ಚಬೇಕು ಅನ್ನಿಸಿದ್ರೆ, ನೀವು ಕೇಳಿದ್ದು ಮುದುಕನನ್ನಲ್ಲ, ಸೈನಿಕನನ್ನ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗೋಣ. ಮುದುಕನ ಕಣ್ಣಿಗೆ ಕಂಡ ಆ ಹಡಗುಗಳಲ್ಲಿ ಏನಿತ್ತು?

1999ರಲ್ಲಿ ಸ್ವೀಡನ್ನಿನ ಗಾಟ್‌ಲ್ಯಾಂಡ್ ದ್ವೀಪದ ಸ್ಪಿಲ್ಲಿಂಗ್ಸ್ ಅನ್ನೋ ಹೊಲದಲ್ಲಿ ನಿಧಿ ಸಿಕ್ಕಿತು. ಸುಮಾರು 67 ಕಿಲೋ ಬೆಳ್ಳಿ, ಅದರಲ್ಲಿ 14 ಸಾವಿರಕ್ಕೂ ಮೇಲೆ ನಾಣ್ಯ. ನಾಣ್ಯಗಳಲ್ಲಿ ಹೆಚ್ಚು ಕಮ್ಮಿ ಎಲ್ಲವೂ ಇಸ್ಲಾಮಿ ದೇಶಗಳ ದಿರ್ಹಮ್. ಇಷ್ಟು ಬೆಳ್ಳಿ ಬಂದಿದ್ದು ಪೂರ್ವದ ನದಿಗಳ ಮೇಲಿನ ವ್ಯಾಪಾರದಿಂದ. ಮಾರಿದ ಸರಕಿನಲ್ಲಿ ತುಪ್ಪಳ ಇತ್ತು, ಮನುಷ್ಯರೂ ಇದ್ದರು. ಬಾಗ್ದಾದಿನಿಂದ ಹೋದ ಇಬ್ನ್ ಫದ್ಲಾನ್ 922ರಲ್ಲಿ ವೋಲ್ಗಾ ದಡದಲ್ಲಿ ಈ ಉತ್ತರದ ವ್ಯಾಪಾರಿಗಳ ಮುಖಂಡನೊಬ್ಬನ ಶವಸಂಸ್ಕಾರ ನೋಡಿ ಬರೆದಿಟ್ಟಿದ್ದಾನೆ. ಹೆಣವನ್ನ ಹಡಗಿನಲ್ಲಿಟ್ಟು ಸುಟ್ಟರು. ಅದಕ್ಕೆ ಮೊದಲು ಒಬ್ಬ ದಾಸಿ ಹುಡುಗಿಗೆ ಕುಡಿಸಿ, ಕೂಗು ಹೊರಗೆ ಕೇಳದ ಹಾಗೆ ಗುರಾಣಿ ಬಡಿದು, ಕೊಂದು ಅವನ ಜೊತೆಗಿಟ್ಟರು. ಡಿಕ್ಸಿಯ ಚಿತ್ರದಲ್ಲಿ ಆ ಹುಡುಗಿ ಇಲ್ಲ. ಬಾಥೊರಿಯ ಆಲ್ಬಮ್ಮಿನಲ್ಲೂ ಇಲ್ಲ.

ಇದನ್ನ ಹೇಳೋದು ಆಲ್ಬಮ್ಮನ್ನ ಹೊಡೆದುರುಳಿಸೋಕಲ್ಲ. ನನಗೆ ಅದು ಇವತ್ತಿಗೂ ಬೇಕು. ಆದ್ರೆ 'ಹಳೇ ಕಾಲ' ಅನ್ನೋ ಮಾತು ಬಂದಾಗಲೆಲ್ಲ ಯಾರ ಹಳೇ ಕಾಲ ಅಂತ ಕೇಳೋದನ್ನ ನಾನು ನಮ್ಮೂರಲ್ಲೇ ಕಲಿತೆ. ನಮ್ಮೂರಿನ ಹಿಂದಿನ ಕಾಲ ಎಷ್ಟು ಚೆನ್ನಾಗಿತ್ತು ಅಂತ ನಮ್ಮ ಬೀದಿಯ ಜಗಲಿಗಳ ಮೇಲೆ ಬೇಕಾದಷ್ಟು ಸಲ ಕೇಳಿದೀನಿ. ಆಗಿನ ಮಳೆ, ಆಗಿನ ಬೆಳೆ, ಆಗಿನ ಜಾತ್ರೆ. ಕೇರಿಯ ಒಬ್ಬರ ಬಾಯಲ್ಲೂ ಆ ಮಾತು ಕೇಳಿಲ್ಲ. ಅದೇ ಮಳೆ ಅವರ ಮೇಲೂ ಬಿದ್ದಿತ್ತಲ್ಲ? ಬಿದ್ದಿತ್ತು. ಬಾವಿ ಮಾತ್ರ ಬೇರೆ ಇತ್ತು.

ಶುದ್ಧ ರಕ್ತ, ಶುದ್ಧ ಮಣ್ಣು ಅನ್ನೋರಿಗೆ ಒಂದು ಕೊನೇ ಪುರಾವೆ. ಸ್ಟಾಕ್‌ಹೋಮಿಗೆ ಹತ್ತಿರದ ಮೇಲಾರೆನ್ ಸರೋವರದಲ್ಲಿ ಹೆಲ್ಗೋ ಅನ್ನೋ ದ್ವೀಪ ಇದೆ. 1950ರ ದಶಕದಲ್ಲಿ ಅಲ್ಲಿ ಅಗೆದಾಗ ವೈಕಿಂಗ್ ಕಾಲದ ಜನ ಬಾಳಿದ ಜಾಗದಲ್ಲಿ ಸಿಕ್ಕಿದ್ದು ಒಂದು ಪುಟ್ಟ ಕಂಚಿನ ಬುದ್ಧ. ನಮ್ಮ ಉಪಖಂಡದ ವಾಯವ್ಯ ಮೂಲೆಯಲ್ಲಿ ಸುಮಾರು 6ನೇ ಶತಮಾನದಲ್ಲಿ ಮಾಡಿದ್ದು ಅಂತಾರೆ. ಎಷ್ಟು ಕೈ ದಾಟಿ ಅಲ್ಲಿಗೆ ಹೋದನೋ ಆ ಬುದ್ಧ! ಹೆಲ್ಗೋ ಮಂದಿಗೆ ಅವನ ಹೆಸರು ಗೊತ್ತಿತ್ತೋ ಇಲ್ಲವೋ, ಬಿಸಾಕಲಂತೂ ಇಲ್ಲ. ಬೇರು ಬೇರು ಅಂತ ಅಗೆದರೆ ಬೇರೆಯವರದ್ದೂ ಸಿಗುತ್ತೆ. ಅಗೆಯೋರಿಗೆ ಅದನ್ನ ಒಪ್ಪಿಕೊಳ್ಳೋ ಎದೆ ಇರಬೇಕು, ಅಷ್ಟೇ.

'ಅದೆಲ್ಲ ಸರಿ, ನಿನಗ್ಯಾಕಪ್ಪಾ ಸ್ವೀಡನ್ನಿನವರ ಗೋಳು? ನಮ್ಮ ಜನಪದ ಕೇಳು' ಅನ್ನೋ ಹಿತೈಷಿಗಳೂ ಇದಾರೆ. ಜನಪದ ನಾನು ಕೇಳ್ತೀನಿ. ಆದ್ರೆ ಹೀಗೆ ಹೇಳೋರು ವಾರಾಂತ್ಯಕ್ಕೆ ಎಲ್ಲಿಗೆ ಹೋಗ್ತಾರೆ ನೋಡಿ. ಊರಾಚೆಯ ರೆಸಾರ್ಟಿಗೆ. ಅಲ್ಲಿ ಹೊಸದಾಗಿ ಕಟ್ಟಿದ ಹಳೇ ತೊಟ್ಟಿಮನೆ, ಬಣ್ಣ ಬಳಿದ ಎತ್ತಿನಗಾಡಿ, ಊಟದ ಹೊತ್ತಿಗೆ ಡೊಳ್ಳು. ಸೆಲ್ಫಿ ತಗೊಂಡು ಬರ್ತಾರೆ. ಇದು ನಮ್ಮ ಕೊಂಬಿನ ಟೋಪಿ. ಸ್ವೀಡನ್ನಿನವರದ್ದು ಬಿಯರ್ ಲೋಟದ ಮೇಲಿದೆ, ನಮ್ಮದು ಬಾಳೆಎಲೆ ಊಟದ ಮೆನು ಕಾರ್ಡಿನ ಮೇಲಿದೆ.

ಹಳ್ಳಿಯಿಂದ ಬಂದು ಈ ಊರಲ್ಲಿ ಕೆಲಸ ಮಾಡೋ ನಮ್ಮಂಥವರಿಗೆ ಕಳೆದುಕೊಂಡದ್ದರ ನೆನಪು ಇದ್ದೇ ಇರುತ್ತೆ. ಅಪ್ಪ ಮಾರಿದ ಹೊಲ, ಗದ್ದೆ ಬಯಲಿನ ಆ ದನಿಗಳು, ಮಕ್ಕಳಿಗೆ ಗೊತ್ತೇ ಇಲ್ಲದ ನೂರು ಮಾತು. ಆ ನೆನಪನ್ನ ಇಟ್ಟುಕೊಳ್ಳೋಕೆ ಸುಲಭದ ದಾರಿ ಎರಡಿವೆ. ಒಂದು, ಅದನ್ನ ಅಲಂಕಾರದ ಸಾಮಾನು ಮಾಡಿ ಗೋಡೆಗೆ ನೇತುಹಾಕೋದು. ಇನ್ನೊಂದು, ಅದನ್ನ ಯಾರೋ ಕದ್ದರು ಅಂತ ಕಳ್ಳನನ್ನ ಹುಡುಕಿ ಹೊರಡೋದು. ಕದ್ದವರು ಸಿಗದಿದ್ರೆ ಪಕ್ಕದ ಮನೆಯವರನ್ನೇ ಕಳ್ಳ ಮಾಡೋದು. ಎರಡಕ್ಕೂ ಮಾರುಕಟ್ಟೆ ಇದೆ, ಎರಡಕ್ಕೂ ಆ್ಯಪ್ ಇದೆ. ಮೂರನೇ ದಾರಿ ಕಷ್ಟದ್ದು. ಹೋದದ್ದು ಹೋಯ್ತು ಅಂತ ಒಪ್ಪಿಕೊಂಡು, ಅದರಲ್ಲಿ ಯಾರಿಗೆ ಸುಖ ಇತ್ತು ಯಾರಿಗೆ ಸರಪಳಿ ಇತ್ತು ಅಂತ ಲೆಕ್ಕ ಇಟ್ಟು, ಆದ್ರೂ ಅತ್ತುಬಿಡೋದು. 'ಹ್ಯಾಮರ್‌ಹಾರ್ಟ್' ಲೆಕ್ಕದಲ್ಲಿ ಹಿಂದೆ, ಅಳೋದರಲ್ಲಿ ಮುಂದೆ. ಲೆಕ್ಕದ ಕೆಲಸ ಕೇಳೋ ನಮ್ಮದು.

ಕ್ವಾರ್ಥನ್ 2004ರಲ್ಲಿ ಹೃದಯ ನಿಂತು ತೀರಿಕೊಂಡ. ವಯಸ್ಸು 38. ಬ್ಯಾಂಡಿನ ಮೊದಲ ಒಂದೆರಡು ವರ್ಷ ಬಿಟ್ಟರೆ ವೇದಿಕೆ ಹತ್ತಲೇ ಇಲ್ಲ. ಜನರನ್ನ ನೆಲಕ್ಕೆ ಕೂರಿಸಿ ಹುಟ್ಟು ಹಾಕಿಸೋ ಆಟ ಇವತ್ತು ಮೆಟಲ್ ಕಾನ್ಸರ್ಟುಗಳಲ್ಲಿ ಮಾಮೂಲು. ಅವನಿಗೆ ಅಂಥ ಜನಸಾಗರ ಯಾವತ್ತೂ ಎದುರಾಗಲಿಲ್ಲ. ಹುಟ್ಟು ಹಾಕೋ ಆಟ ಬೇಕಾದ್ರೆ ಆಡಿ, ಮಜಾ ಇರುತ್ತೆ, ನಾನೇನು ಬೇಡ ಅನ್ನಲ್ಲ. ಆದ್ರೆ ಒಂದು ರಾತ್ರಿ ಜಿಮ್ಮಿಲ್ಲದೆ, ಬಿಯರಿಲ್ಲದೆ, ಗ್ರೂಪು ಮ್ಯೂಟ್ ಮಾಡಿ, 'ಆಸಾ ಬೇ' ಹಾಡನ್ನ ಪೂರ್ತಿ ಹತ್ತು ನಿಮಿಷ ಕೇಳಿ. ಮುದುಕ ಕೈ ಅಡ್ಡ ಹಿಡಿದು ಸಮುದ್ರ ನೋಡೋ ಜಾಗದಲ್ಲಿ ಧ್ವನಿ ಮತ್ತೆ ಸ್ವರ ತಪ್ಪುತ್ತೆ. ಆಗ ನಗು ಬಂದ್ರೆ ನಿಮಗೂ ನನಗೂ ಮಾತಿಲ್ಲ. ರೋಷ ಉಕ್ಕಿ ಬಂದ್ರೆ ವಾಲ್ಯೂಮ್ ಕಮ್ಮಿ ಮಾಡಿ ಇನ್ನೊಮ್ಮೆ ಕೇಳಿ, ಯಾಕಂದ್ರೆ ಅಲ್ಲಿ ರೋಷ ಇಲ್ಲ. ಗಂಟಲು ಕಟ್ಟಿದ್ರೆ ಮಾತ್ರ, ಗುರೂ, ನಿಮಗೆ ಹಾಡು ಕೇಳಿಸಿದೆ.